ಅಪಘಾತ ಮುಗಿದರೂ ಮುಗಿಯದ ಭಯ

ಕೆಲವು ವರ್ಷಗಳ ಹಿಂದೆ ನಮ್ಮ ಮದ್ರಸದ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಚುರುಕು. ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಗುದ್ದಿ ಅವನ ಬಾಪ ಸ್ಥಳದಲ್ಲೇ ತೀರಿಕೊಂಡರು. ಹಿಂದೆ ಕೂತಿದ್ದ ಇವನಿಗೆ ಕೈ ಮುರಿದದ್ದು ಮಾತ್ರ. ನಲ್ವತ್ತು ಕಳೆದ ಮೇಲೆ ಮದ್ರಸಕ್ಕೆ ಬಂದವನು ಬೇರೆಯೇ ಹುಡುಗ. ರಸ್ತೆ ಬದಿಯ ಕಿಟಕಿ ಹತ್ತಿರ ಕೂರುತ್ತಿರಲಿಲ್ಲ. ಹೊರಗೆ ಲಾರಿ ಬ್ರೇಕ್ ಹಾಕಿದ ಸದ್ದಾದರೆ ಕೈಯಲ್ಲಿದ್ದ ಕಿತಾಬು ಕೆಳಗೆ ಬೀಳುತ್ತಿತ್ತು. ಬಾಯಿಪಾಠ ಇದ್ದ ಸೂರತ್ತು ನಡುವಿನಲ್ಲೇ ನಿಂತುಬಿಡುತ್ತಿತ್ತು.

ನಾವು ಏನು ಮಾಡಿದೆವು? ಗದರಿದೆವು. ಹೇಳಲು ನಾಚಿಕೆಯಾಗುತ್ತದೆ, ಒಂದು ದಿನ ಹಠ ಹಿಡಿದು ಅವನನ್ನು ಅದೇ ಕಿಟಕಿಯ ಪಕ್ಕ ಕೂರಿಸಿದೆವು. 'ಗಂಡು ಹುಡುಗ, ಇಷ್ಟು ಹೆದರಿದರೆ ಆಗ್ತದಾ?' ಅಂತ. ಅವನು ಬೆವತು, ನಡುಗಿ, ಅಲ್ಲೇ ವಾಂತಿ ಮಾಡಿಕೊಂಡ.

ಮನೆಯವರು ಸೋಂಕು ತಾಗಿದೆ ಎಂದು ನೂಲು ಕಟ್ಟಿಸಿದ್ದರು, ನೀರು ಮಂತ್ರಿಸಿ ಕುಡಿಸಿದ್ದರು. ಉಮ್ಮ ಇದ್ದತ್‌ನಲ್ಲಿದ್ದರು. ಕೊನೆಗೆ ಅವರ ತಮ್ಮ ಹುಡುಗನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಪೋಸ್ಟ್ ಟ್ರೊಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಪಿಟಿಎಸ್‌ಡಿ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆವಾಗಲೇ. ಪಿಯುಸಿವರೆಗೆ ಓದಿದ ನಮಗೆ ಅದು ಹೊಸತು. ಆಮೇಲೆ ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡೆವು.

ಕಾಯಿಲೆ ಹಳೆಯದು, ಹೆಸರು ಹೊಸದು. ಮೊದಲ ಮಹಾಯುದ್ಧದ ಕಾಲದಲ್ಲಿ ಕಂದಕದಿಂದ ಬಂದ ಸಿಪಾಯಿಗಳು ನಡುಗುವುದನ್ನು ಕಂಡು 'ಶೆಲ್ ಶಾಕ್' ಅಂದರು. ಕೆಲವರನ್ನು ಹೇಡಿಗಳೆಂದೂ ಕರೆದರು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈಗಿನ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿತು. ಕಾಯಿಲೆ ಸೈನಿಕರದ್ದು ಮಾತ್ರ ಅಲ್ಲ.

ಒಳಗೆ ಆಗುವುದು ಎಂತ? ಮೆದುಳಿನಲ್ಲಿ ಅಮಿಗ್ಡಾಲ ಎಂಬ ಪುಟ್ಟ ಭಾಗ ಉಂಟು, ಅಪಾಯದ ಗಂಟೆ ಬಾರಿಸುವುದು ಅದರ ಕೆಲಸ. ಅದರ ಹತ್ತಿರವೇ ಇರುವ ಹಿಪೊಕ್ಯಾಂಪಸ್, ನಡೆದದ್ದನ್ನು ಎಲ್ಲಿ, ಯಾವಾಗ ಎಂಬ ಲೆಕ್ಕದ ಜೊತೆ ಜೋಡಿಸಿಡುತ್ತದೆ. ಸಾವು ಕಣ್ಣೆದುರು ಬಂದಾಗ ಗಂಟೆ ಜೋರಾಗಿ ಬಾರಿಸುತ್ತದೆ, ಲೆಕ್ಕ ಬರೆಯುವುದು ತಪ್ಪಿ ಹೋಗುತ್ತದೆ. ಸದ್ದು, ವಾಸನೆ, ಬೆಳಕು ತುಂಡು ತುಂಡಾಗಿ ಉಳಿಯುತ್ತವೆ. 'ಇದು ಆಗಿ ಹೋದದ್ದು' ಎಂಬ ಮೊಹರು ಅವುಗಳ ಮೇಲೆ ಬಿದ್ದಿರುವುದಿಲ್ಲ. ಹಾಗಾಗಿ ಬ್ರೇಕಿನ ಸದ್ದು ಕೇಳಿದಾಗ ಆ ಹುಡುಗನಿಗೆ ಅಪಘಾತ ನೆನಪಾಗುತ್ತಿರಲಿಲ್ಲ, ಅದು ಈಗಲೇ ಆಗುತ್ತಿತ್ತು. ಇದು ತಿಳಿದ ದಿನ ನಮಗೆ ರಾತ್ರಿ ನಿದ್ದೆ ಬರಲಿಲ್ಲ.

ದುಃಸ್ವಪ್ನ, ಆ ಜಾಗ ಆ ಮಾತುಗಳಿಂದ ತಪ್ಪಿಸಿಕೊಳ್ಳುವುದು, ತನ್ನದೇ ತಪ್ಪು ಎಂಬ ಭಾವ, ಸಣ್ಣದಕ್ಕೂ ಬೆಚ್ಚುವುದು, ಸಿಡುಕು. ಮೊದಲ ಕೆಲವು ವಾರ ಇವೆಲ್ಲ ಯಾರಿಗೂ ಬರಬಹುದು. ತಿಂಗಳು ದಾಟಿದ ಮೇಲೂ ಇದ್ದು, ದಿನದ ಬದುಕನ್ನು ಕೆಡಿಸಿದರೆ ಮಾತ್ರ ವೈದ್ಯರು ಈ ಹೆಸರು ಹೇಳುತ್ತಾರೆ.

ಒಂದೇ ಘಟನೆ ಕಂಡ ಹತ್ತು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾಕೆ ಬರುತ್ತದೆ? ಜನ ನಮ್ಮಲ್ಲಿ ಹೆಚ್ಚು ಕೇಳುವ ಪ್ರಶ್ನೆ ಇದು. 'ಈಮಾನ್ ಕಮ್ಮಿ' ಎಂದು ಉತ್ತರವನ್ನೂ ಅವರೇ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ: ಜಗತ್ತಿನಲ್ಲಿ ಶೇ. 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ, ಅದರಲ್ಲಿ ಕಾಯಿಲೆಗೆ ಬೀಳುವವರು ಶೇ. 5.6 ಮಾತ್ರ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರ ಹಿಂದೆ ಕಾರಣಗಳಿವೆ. ಅವುಗಳಲ್ಲಿ ಕೆಲವು ಘಟನೆಗೆ ಮುಂಚಿನವು, ಕೆಲವು ಆ ಹೊತ್ತಿನವು, ಕೆಲವು ಆಮೇಲಿನವು.

ಮುಂಚಿನವೆಂದರೆ ಬಾಲ್ಯದಲ್ಲಿ ಪೆಟ್ಟು, ದೌರ್ಜನ್ಯ ಕಂಡಿರುವುದು, ಹಿಂದೊಮ್ಮೆ ಇಂಥದ್ದೇ ಆಘಾತ ಆಗಿರುವುದು, ಖಿನ್ನತೆ ಇರುವುದು. ವಂಶದಲ್ಲಿ ಬರುವ ಅಂಶವೂ ಸ್ವಲ್ಪ ಉಂಟು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಅದಕ್ಕೊಂದು ಕಾರಣ ಅವರು ಅನುಭವಿಸುವ ಹಿಂಸೆಯ ಬಗೆ. ಪ್ರಕೃತಿ ವಿಕೋಪಕ್ಕಿಂತ ಮನುಷ್ಯ ಬೇಕೆಂದೇ ಮಾಡಿದ ಕೇಡು ಆಳಕ್ಕೆ ಇಳಿಯುತ್ತದೆ, ಲೈಂಗಿಕ ಹಿಂಸೆ ಎಲ್ಲಕ್ಕಿಂತ ಹೆಚ್ಚು. ಮನೆಯೊಳಗೆ ಮುಚ್ಚಿಟ್ಟದ್ದು ಹೆಚ್ಚಾಗಿ ಇದೇ.

ಆ ಹೊತ್ತಿನ ಕಾರಣಗಳಿಗೆ ನಮ್ಮ ಊರಿನದೇ ನೆನಪು ಸಾಕು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿದ್ದು ಹೊತ್ತಿ ಉರಿಯಿತು. 166 ಮಂದಿಯಲ್ಲಿ 158 ಮಂದಿ ಹೋದರು, ಉಳಿದದ್ದು 8. ಮಂಗಳೂರು, ಕಾಸರಗೋಡು, ಭಟ್ಕಳದ ಎಷ್ಟೋ ಮನೆಗಳಲ್ಲಿ ಅಂದು ಚಹಾ ತಿಂಡಿ ತಯಾರಾಗಿತ್ತು. ಬೆಂಕಿಯ ನಡುವಿನಿಂದ ಹೊರಬಂದವರು, ಮೊದಲು ಕೆಳಗಿಳಿದು ಸುಟ್ಟ ದೇಹಗಳನ್ನು ಎತ್ತಿದ ಊರಿನವರು, ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದ ಮನೆಯವರು, ಫೋನಿನಲ್ಲಿ ಸುದ್ದಿ ಕೇಳಿದ ಉಮ್ಮಂದಿರು. ಎಲ್ಲರಿಗೂ ಆಘಾತ, ಆದರೆ ಒಂದೇ ತರಹದ್ದಲ್ಲ. ಸಾವಿಗೆ ಎಷ್ಟು ಹತ್ತಿರ ಇದ್ದರು, ಎಷ್ಟು ಹೊತ್ತು, ಗಾಯ ಆಯಿತಾ, 'ನಾನೂ ಸತ್ತೆ' ಅನ್ನಿಸಿತಾ ಎಂಬುದರ ಮೇಲೆ ಅಪಾಯ ಏರುತ್ತದೆ. ಕಣ್ಣಾರೆ ಕಾಣದಿದ್ದರೂ, ಹತ್ತಿರದವರು ಹೀಗೆ ಹೋದರು ಎಂದು ಕೇಳಿದವರೂ ಈ ಲೆಕ್ಕದಲ್ಲಿ ಸೇರುತ್ತಾರೆ ಎನ್ನುತ್ತದೆ ವೈದ್ಯಶಾಸ್ತ್ರ.

ಆ ದುರಂತದಲ್ಲಿ ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ದಂಡೆಯಲ್ಲಿ ಮಣ್ಣು ಮಾಡಲಾಯಿತು. ಮಯ್ಯಿತ್ ಮೀಯಿಸುವುದು, ಕಫನ್ ಸರಿಸಿ ಮುಖ ನೋಡುವುದು, ಮೂರು ಹಿಡಿ ಮಣ್ಣು ಹಾಕುವುದು, ಇದೆಲ್ಲ ಮನಸ್ಸಿಗೆ 'ಹೋದರು' ಎಂದು ಹೇಳಿಕೊಡುತ್ತದೆ. ಅದೂ ಸಿಗದ ಮನೆಯವರ ಸ್ಥಿತಿ ನಮ್ಮ ಅಳತೆಗೆ ಸಿಗುವಂಥದ್ದಲ್ಲ.

ಇನ್ನು ಆಮೇಲಿನ ಕಾರಣ. ನಾವು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲೇ, ಯಾಕೆಂದರೆ ಘಟನೆ ನಮ್ಮ ಕೈಯಲ್ಲಿಲ್ಲ, ಆಮೇಲಿನದ್ದು ಉಂಟು. ಆಘಾತದ ನಂತರ ಸುತ್ತಲಿನವರ ಆಸರೆ ಸಿಗದಿರುವುದು ದೊಡ್ಡ ಅಪಾಯದ ಅಂಶ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ನಮ್ಮ ಹುಡುಗನನ್ನೇ ನೋಡಿ. ಬಾಪ ಹೋದರು. ಬಾಡಿಗೆ ಮನೆ ಬಿಟ್ಟು ಉಮ್ಮನ ಮನೆಗೆ ಹೋದರು. ಶಾಲೆ ಬದಲಾಯಿತು, ಗೆಳೆಯರು ತಪ್ಪಿದರು. ಬಂದವರೆಲ್ಲ ತಲೆ ಸವರಿ 'ಇನ್ನು ಮನೆಗೆ ಗಂಡಸು ನೀನೇ, ಅಳಬಾರದು' ಎಂದರು. ಬಾಪನ ಸಾಲದ ಲೆಕ್ಕ ಅವನ ಎದುರೇ ಆಯಿತು. ಯಾರೋ ಅಪಘಾತದ ವಿಡಿಯೋ ವಾಟ್ಸಾಪಿಗೆ ಹಾಕಿದ್ದರು, ಅದು ತಿರುಗಿ ತಿರುಗಿ ಅವನ ಕಣ್ಣಿಗೂ ಬಿತ್ತು. ಉಳಿದದ್ದು ಮದ್ರಸ. ಅಲ್ಲಿ ನಾವಿದ್ದೆವು, ಕಿಟಕಿಯ ಪಕ್ಕ ಕೂರಿಸಲು.

ಸಾವಿನ ಮನೆಗೆ ಹೋದಾಗ ನಮ್ಮವರ ಒಂದು ಅಭ್ಯಾಸ: 'ಹೇಗಾಯಿತು? ಎಲ್ಲಿ? ತಲೆಗೆ ಪೆಟ್ಟಾ?' ಹೊಸಬರು ಬಂದಾಗೊಮ್ಮೆ ಬದುಕಿ ಉಳಿದವನು ಮೊದಲಿನಿಂದ ಹೇಳಬೇಕು. ಪ್ರೀತಿಯಿಂದಲೇ ಕೇಳುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಆಘಾತವಾದ ಕೂಡಲೇ ಬಲವಂತವಾಗಿ ವಿವರ ಹೇಳಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅವನಾಗಿ ಹೇಳಿದರೆ ಕೇಳಬೇಕು. ಇಲ್ಲದಿದ್ದರೆ ಗಂಜಿ ಕೊಡುವುದು, ರಾತ್ರಿ ಪಕ್ಕದಲ್ಲಿ ಮಲಗುವುದು, ಆಸ್ಪತ್ರೆ ಠಾಣೆಯ ಕಾಗದಪತ್ರಕ್ಕೆ ಓಡಾಡುವುದು, ಇಷ್ಟು ಮಾಡಿದರೆ ಸಾಕು.

ಈಮಾನ್ ಮಾತಿಗೆ ಒಂದೇ ಉತ್ತರ. ಮಗ ಯೂಸುಫರಿಗಾಗಿ ದುಃಖಿಸಿ ದುಃಖಿಸಿ ಯಅ್‌ಕೂಬ್ ನಬಿಯವರ ಕಣ್ಣು ಬೆಳ್ಳಗಾಯಿತು ಎಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಅಳೆಯಲು ಯಾರಿಗೆ ಧೈರ್ಯ ಉಂಟು? ದುಆ ಮಾಡೋಣ, ಮದ್ದೂ ಮಾಡೋಣ.

ಮದ್ದು ಉಂಟು. ತರಬೇತಿ ಪಡೆದವರು ಆ ನೆನಪನ್ನು ನಿಧಾನವಾಗಿ, ಅಭಯದ ಜಾಗದಲ್ಲಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯೇ ಮುಖ್ಯ, ಬೇಕಾದರೆ ದೊಡ್ಡವರಿಗೆ ಮಾತ್ರೆಯೂ ಕೊಡುತ್ತಾರೆ. ಮೆಡಿಕಲ್‌ನಿಂದ ನಿದ್ದೆ ಮಾತ್ರೆ ತಂದು ನುಂಗುವುದು ಚಿಕಿತ್ಸೆಯಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಹುಡುಗನಿಗೆ ಸರಿಯಾಗಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆ ವರ್ಷವೆಲ್ಲ ಅವನು ನಮ್ಮ ಮೇಜಿನ ಪಕ್ಕದಲ್ಲೇ ಕೂರುತ್ತಿದ್ದ. ರಸ್ತೆಯಲ್ಲಿ ದೊಡ್ಡ ಸದ್ದಾದರೆ ನಮ್ಮ ಮುಖ ನೋಡುತ್ತಿದ್ದ, ನಾವು 'ಲಾರಿ, ಹೋಯ್ತು' ಅನ್ನುತ್ತಿದ್ದೆವು, ಅವನು ಓದು ಮುಂದುವರಿಸುತ್ತಿದ್ದ. ಕಿಟಕಿಯ ಮಾತಿಗೆ ನಾವು ಅವನಲ್ಲಿ ಕ್ಷಮೆ ಕೇಳಿದ್ದು ಮಾತ್ರ ಮೊನ್ನೆ, ಅವನು ಪಿಯುಸಿಗೆ ಸೇರಿದ ಸುದ್ದಿ ಹೇಳಲು ಬಂದಾಗ. 'ಅದು ನನಗೆ ನೆನಪೇ ಇಲ್ಲ, ಉಸ್ತಾದ್' ಎಂದ. ಇದ್ದರೂ ಇರಬಹುದು.