ಒಂದು ಕಬ್ಬಿಣದ ಗುಂಡು, ಇಪ್ಪತ್ತು ನಿಮಿಷ



ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಯಲ್ಲೂ ಒಂದೇ ಕೆಲಸ: ಸೂಟ್‌ಕೇಸ್ 23 ಕಿಲೋ ದಾಟಿತೇ ಎಂದು ಮತ್ತೆ ಮತ್ತೆ ತೂಗುವುದು. ಅದೇ ಸೂಟ್‌ಕೇಸನ್ನು ಕಾರಿನ ಡಿಕ್ಕಿಗೆ ಎತ್ತಿ ಇಡುವಾಗ ನಿಮ್ಮ ಸೊಂಟ ಹಿಡಿದುಕೊಳ್ಳುತ್ತದೆಯೇ? ಹತ್ತು ಕಿಲೋ ಅಕ್ಕಿ ಚೀಲ ಹೊತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಹಾಗಿದ್ದರೆ ಈ ತಿಂಗಳು ಕೆಟಲ್‌ಬೆಲ್ ಪರಿಚಯ ಮಾಡಿಕೊಳ್ಳಿ.

ಕೆಟಲ್‌ಬೆಲ್ ಎಂದರೆ ಮೇಲೆ ದಪ್ಪ ಹಿಡಿಕೆ ಇರುವ ಕಬ್ಬಿಣದ ಗುಂಡು. ಇದು ಬಂದದ್ದು ರಷ್ಯಾದಿಂದ. ಅಲ್ಲಿ ಇದರ ಹೆಸರು ‘ಗಿರ್ಯಾ’. ಮೊದಲು ಇದು ಸಂತೆಯಲ್ಲಿ ಧಾನ್ಯ ತೂಗಲು ಬಳಸುತ್ತಿದ್ದ ತೂಕದ ಕಲ್ಲು. ಬಿಡುವಿನಲ್ಲಿ ಜನ ಅದನ್ನೇ ಎತ್ತಿ ಬಲ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1885ರಲ್ಲಿ ವ್ಲಾದಿಸ್ಲಾವ್ ಕ್ರಾಯೆವ್‌ಸ್ಕಿ ಎಂಬ ವೈದ್ಯರು ಭಾರ ಎತ್ತುವವರ ಕೂಟವೊಂದನ್ನು ಕಟ್ಟಿದ ಮೇಲೆ ಇಂಥ ವ್ಯಾಯಾಮಕ್ಕೆ ಶಿಸ್ತು ಬಂತು. ಇಂದು ಇದೊಂದು ಸ್ಪರ್ಧೆಯೂ ಹೌದು. ಗುಂಡನ್ನು ನೆಲಕ್ಕೆ ಇಳಿಸದೆ 10 ನಿಮಿಷದಲ್ಲಿ ಎಷ್ಟು ಸಲ ಎತ್ತುತ್ತೀರಿ ಎಂಬುದೇ ಲೆಕ್ಕ!

ನಮಗೂ ಇದು ತೀರಾ ಅಪರಿಚಿತವಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ದಂಡ, ಬಸ್ಕಿ ಹೊಡೆದು ಗದೆ ತಿರುಗಿಸುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ನಡೆಯುತ್ತದೆ. ಒಂದೊಂದೇ ಸ್ನಾಯುವನ್ನು ಬೇರೆ ಮಾಡಿ ದುಡಿಸದೆ, ಇಡೀ ಮೈಯನ್ನು ಒಟ್ಟಿಗೆ ದುಡಿಸುವುದು ಈ ಎಲ್ಲದರ ಗುಟ್ಟು.

ಡಂಬೆಲ್ಲಿಗೂ ಇದಕ್ಕೂ ಏನು ವ್ಯತ್ಯಾಸ?

ಡಂಬೆಲ್ಲಿನ ಭಾರ ಅಂಗೈಯ ಎರಡೂ ಬದಿಗೆ ಸಮನಾಗಿರುತ್ತದೆ. ಕೆಟಲ್‌ಬೆಲ್ಲಿನ ಭಾರ ಹಿಡಿಕೆಯಿಂದ ಕೆಳಗೆ ತೂಗುತ್ತದೆ. ಹಾಗಾಗಿ ಅದನ್ನು ಉಯ್ಯಾಲೆಯಂತೆ ಬೀಸಬಹುದು. ಬೀಸುವಾಗ ಅದಕ್ಕೆ ವೇಗ ಕೊಡಲೂ ಬಲ ಬೇಕು, ಹಿಂದಕ್ಕೆ ಬರುವಾಗ ತಡೆಯಲೂ ಬಲ ಬೇಕು. ತೊಡೆಯ ಹಿಂಭಾಗ, ಪೃಷ್ಠ, ಬೆನ್ನು, ಹೊಟ್ಟೆ, ಕೈಹಿಡಿತ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಾವು ಸುಮ್ಮನೆ ಬಿಟ್ಟಿರುವುದು ಇವೇ ಸ್ನಾಯುಗಳನ್ನು.

2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು ಉದ್ಯೋಗಿಗಳನ್ನು ಆರಿಸಿಕೊಂಡಿತ್ತು. ಕತ್ತು, ಭುಜ, ಸೊಂಟದ ನೋವು ಹೆಚ್ಚಾಗಿ ಕಾಣಿಸುವ ಕೆಲಸದಲ್ಲಿದ್ದ 40 ಮಂದಿ ಅದರಲ್ಲಿದ್ದರು. ಒಂದು ಗುಂಪು ವಾರಕ್ಕೆ 3 ಸಲ, 20 ನಿಮಿಷದಂತೆ 8 ವಾರ ಕೆಟಲ್‌ಬೆಲ್ ಅಭ್ಯಾಸ ಮಾಡಿತು. ಆ ಗುಂಪಿನವರಲ್ಲಿ ನೋವು ಇಳಿಯಿತು, ಬೆನ್ನಿನ ಬಲ ಏರಿತು. ಆದರೆ ಹೃದಯ ಮತ್ತು ಶ್ವಾಸಕೋಶದ ಸಾಮರ್ಥ್ಯ ಹೆಚ್ಚಲಿಲ್ಲ. ಆದ್ದರಿಂದ ಕೆಟಲ್‌ಬೆಲ್ ಬಂತೆಂದು ನಡಿಗೆ, ಸೈಕಲ್, ಈಜು ಬಿಡಬೇಡಿ.

ನಮಗೇಕೆ ಇದು ಮುಖ್ಯ?

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮಂಥ ದಕ್ಷಿಣ ಏಷ್ಯಾ ಮೂಲದವರಿಗೆ ಟೈಪ್ 2 ಮಧುಮೇಹ ಬರುವ ಅಪಾಯ ಹೆಚ್ಚು. ಅದೂ ಇತರರಿಗಿಂತ ಕಡಿಮೆ ತೂಕದಲ್ಲೇ, ಕಡಿಮೆ ವಯಸ್ಸಿನಲ್ಲೇ. ನೋಡಲು ತೆಳ್ಳಗಿದ್ದೇವೆ ಎಂದು ನೆಮ್ಮದಿಯಾಗಿರುವಂತಿಲ್ಲ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ಅವನ್ನು ದುಡಿಸದಿದ್ದರೆ ವಯಸ್ಸಿನೊಂದಿಗೆ ಅವು ಕರಗುತ್ತಾ ಹೋಗುತ್ತವೆ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಊರಿನಲ್ಲಾದರೆ ಒಂದು ಕೂಗು ಹಾಕಿದರೆ ನಾಲ್ಕು ಜನ ಬರುತ್ತಾರೆ. ಇಲ್ಲಿ ಸೋಫಾ ಸರಿಸುವವರೂ ನಾವೇ, ನಿದ್ದೆ ಹೋದ ಮಗುವನ್ನು ಮಹಡಿಗೆ ಎತ್ತಿಕೊಂಡು ಹೋಗುವವರೂ ನಾವೇ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲದಲ್ಲಿ ಜಿಮ್ಮಿಗೆ ಹೋಗಲು ಮನಸ್ಸಾಗುವುದಿಲ್ಲ. ಕೆಟಲ್‌ಬೆಲ್ಲಿಗೆ ಕೋಣೆಯ ಒಂದು ಮೂಲೆ ಸಾಕು.

ಹೇಗೆ ಶುರು ಮಾಡಬೇಕು?

ಹೊಸಬರಾದ ಅಮ್ಮಂದಿರಿಗೆ ಸಾಮಾನ್ಯವಾಗಿ 8 ಕಿಲೋ, ಅಪ್ಪಂದಿರಿಗೆ 12 ಕಿಲೋ ಸಾಕು. ಮೊದಲ ಎರಡು ವಾರ ಬೀಸುವುದೇ ಬೇಡ. ಈ ಮೂರನ್ನು ಮಾಡಿ:

1. ಬೆನ್ನು ನೇರವಾಗಿಟ್ಟು, ಸೊಂಟ ಹಿಂದಕ್ಕೆ ತಳ್ಳಿ, ಗುಂಡನ್ನು ನೆಲದಿಂದ ಎತ್ತಿ ನಿಲ್ಲುವುದು: 10 ಸಲ.
2. ಗುಂಡನ್ನು ಎದೆಗೆ ಅವುಚಿಕೊಂಡು ಬಸ್ಕಿ ಹೊಡೆಯುವುದು: 8 ಸಲ.
3. ಒಂದು ಕೈಯಲ್ಲಿ ಗುಂಡು ಹಿಡಿದು, ವಾಲದೆ ಕೋಣೆಯ ಉದ್ದಕ್ಕೂ ನಡೆಯುವುದು. ಆಮೇಲೆ ಇನ್ನೊಂದು ಕೈ.

ನಡುವೆ ದಣಿವಾರಿಸಿಕೊಳ್ಳುತ್ತಾ ಇದನ್ನೇ ಮೂರು ಸುತ್ತು ಮಾಡಿ.

ಸೊಂಟ ಹಿಂದಕ್ಕೆ ತಳ್ಳುವುದು ಹೇಗೆ ಎಂದು ಗೊಂದಲವೇ? ಎರಡೂ ಕೈಯಲ್ಲಿ ಸಾಮಾನು ತುಂಬಿದ ಚೀಲ ಇದ್ದಾಗ ಕಾರಿನ ಬಾಗಿಲನ್ನು ಹಿಂಭಾಗದಿಂದ ತಳ್ಳಿ ಮುಚ್ಚುತ್ತೀರಲ್ಲ, ಹಾಗೆ!

ಮೂರನೆಯ ವಾರದಿಂದ ಬೀಸುವುದನ್ನು ಕಲಿಯಿರಿ. ಎರಡೂ ಕೈಯಲ್ಲಿ ಹಿಡಿದ ಗುಂಡನ್ನು ಕಾಲುಗಳ ನಡುವೆ ಹಿಂದಕ್ಕೆ ಬಿಟ್ಟು, ಸೊಂಟವನ್ನು ಚುರುಕಾಗಿ ಮುಂದಕ್ಕೆ ತಂದು ನೆಟ್ಟಗೆ ನಿಲ್ಲಬೇಕು. ಗುಂಡು ತಾನಾಗಿ ಎದೆಯ ಮಟ್ಟಕ್ಕೆ ಏಳುತ್ತದೆ. ಕೈಗಳು ಉಯ್ಯಾಲೆಯ ಹಗ್ಗದಂತೆ, ತಳ್ಳುವ ಬಲವೆಲ್ಲ ಸೊಂಟದ್ದು. 10 ಸಲ ಬೀಸಿ, ಉಸಿರು ಹದಕ್ಕೆ ಬರುವವರೆಗೆ ನಿಂತು, ಮತ್ತೆ 10 ಸಲ. ಬೆನ್ನು ಬಾಗತೊಡಗಿದರೆ ಅಂದಿಗೆ ಅಷ್ಟೇ ಸಾಕು. ಮೊದಲ ಕೆಲವು ಸಲ ಬಲ್ಲ ತರಬೇತುದಾರರ ಮುಂದೆ ಮಾಡುವುದು ಒಳ್ಳೆಯದು. ಬೆನ್ನುನೋವು, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಮಕ್ಕಳೇ, ಈಗ ನಿಮ್ಮ ಸರದಿ

ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡವರ ನಿಗಾದಲ್ಲಿ, ಸರಿಯಾದ ಕ್ರಮದಲ್ಲಿ, ಹಗುರ ಭಾರದಿಂದ ಮಾಡುವ ವ್ಯಾಯಾಮ ಬೆಳವಣಿಗೆಗೆ ಅಡ್ಡಿಯಲ್ಲ. ಆದರೆ ಅಪ್ಪ ಅಮ್ಮನ ಕೆಟಲ್‌ಬೆಲ್ಲನ್ನು ನೀವಾಗಿಯೇ ಬೀಸಬೇಡಿ, ಅದು ಕೈಜಾರಿದರೆ ಅಪಾಯ. ನಿಮಗೆ ದಿನಕ್ಕೆ 60 ನಿಮಿಷದ ಓಡಾಟ, ವಾರಕ್ಕೆ 3 ದಿನ ಬಸ್ಕಿ, ಜಿಗಿತ, ಮರ ಹತ್ತುವುದು ಇದ್ದರೆ ಸಾಕು.

ನಿಮಗೊಂದು ಲೆಕ್ಕ: ರಷ್ಯಾದ ಹಳೆಯ ತೂಕದ ಅಳತೆ ‘ಪೂಡ್’. ಒಂದು ಪೂಡ್ ಎಂದರೆ ಸುಮಾರು 16 ಕಿಲೋ. ಕೆಟಲ್‌ಬೆಲ್ಲುಗಳು 16, 24, 32 ಕಿಲೋ ಇರುವುದು ಇದೇ ಕಾರಣಕ್ಕೆ. ಹಾಗಾದರೆ ನಿಮ್ಮ ತೂಕ ಎಷ್ಟು ಪೂಡ್? ನಿಮ್ಮ ಶಾಲೆಯ ಚೀಲದ್ದು?

ಜೊತೆಗೊಂದು ಜವಾಬ್ದಾರಿ. ಅಪ್ಪ ಅಮ್ಮ ಬೀಸುವಾಗ ನಾಲ್ಕು ಹೆಜ್ಜೆ ದೂರ, ಪಕ್ಕಕ್ಕೆ ನಿಂತು ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಿ. ಮೊದಲ ವಾರ ಹತ್ತರವರೆಗೆ, ಆಮೇಲೆ ಮೂವತ್ತು, ಐವತ್ತು. ಇಪ್ಪತ್ತೊಂಬತ್ತು, ಮೂವತ್ತೊಂಬತ್ತು ಎನ್ನುವಲ್ಲಿ ನೀವು ತಡವರಿಸಿದರೆ ಅವರು ಮತ್ತೆ ಒಂದರಿಂದ ಶುರು ಮಾಡಬೇಕು. ನಿಮ್ಮ ಎಣಿಕೆ ಗಟ್ಟಿಯಾಗಲಿ, ಅವರ ಬೆನ್ನು ಗಟ್ಟಿಯಾಗಲಿ!