ಹೆಸರಘಟ್ಟದ ಏರೋಪ್ಲೇನುಗಳು

ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ವಿಮಾನಗಳ ಜಾತ್ರೆ ನಡೆಯುತ್ತದೆ. ಆ ಹೊತ್ತಿಗೆ, ಅಲ್ಲಿಂದ ಪಶ್ಚಿಮಕ್ಕಿರುವ ಹೆಸರಘಟ್ಟದ ಏರೋಪ್ಲೇನುಗಳಿಗೆ ಹೆಚ್ಚುಕಡಿಮೆ ರಜೆ. ಇವುಗಳ ಜಾತ್ರೆ ನೋಡಬೇಕೆಂದರೆ ಹುಬ್ಬಾ ಮಳೆ ಹುಯ್ಯುವವರೆಗೆ ಕಾಯಬೇಕು.

ಏರೋಪ್ಲೇನ್ ಚಿಟ್ಟೆ ಎಂದರೆ ನಮ್ಮ ಪೀಳಿಗೆಗೆ ನೆನಪಾಗುವುದು ಒಂದು ಪಾಪದ ಆಟ. ಹಿಂದಿನಿಂದ ಮೆಲ್ಲಗೆ ಹೋಗಿ ಬಾಲ ಹಿಡಿಯುವುದು, ದಾರ ಕಟ್ಟುವುದು, ಪುಟ್ಟ ಕಲ್ಲು ಎತ್ತಿಸುವುದು. ನಾನೂ ಮಾಡಿದ್ದೇನೆ. ಈಗ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಅವುಗಳ ಹಿಂದೆ ಅಲೆಯುವುದು ಆ ಸಾಲ ತೀರಿಸುವ ಬಗೆಯೇನೋ.

ಬೆಂಗಳೂರಿನಿಂದ ಸುಮಾರು 25 ಕಿ.ಮೀ. ದೂರದ ಹೆಸರಘಟ್ಟದ ಕೆರೆಯನ್ನು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದರು. ಆಗ ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರು. ಬೆಂಗಳೂರಿನ ನಲ್ಲಿಗಳಲ್ಲಿ ಮೊದಲು ಹರಿದದ್ದು ಇಲ್ಲಿಯ ನೀರು. ಊರು ಬೆಳೆಯಿತು, ಕಾವೇರಿ ಬಂತು, ಹೆಸರಘಟ್ಟವನ್ನು ಮರೆತೆವು. ನಂದಿಬೆಟ್ಟದ ಕಡೆಯಿಂದ ಬರುವ ನದಿಯೂ ಸೊರಗಿತು. ದಶಕಗಳ ಕಾಲ ಭಣಗುಟ್ಟಿದ ಕೆರೆ 2022ರ ಮಳೆಗೆ ಮತ್ತೆ ತುಂಬಿದಾಗ ಜನ ಸಂಸಾರ ಸಮೇತ ನೋಡಲು ಬಂದರು.

ಅವರು ನೀರು ನೋಡಿದರು. ಚಿಟ್ಟೆ ನೋಡುವವನಿಗೆ ತುಂಬಿದ ಕೆರೆಯ ನಡುಭಾಗದಲ್ಲಿ ಅಂಥ ಕೆಲಸವಿಲ್ಲ. ಅವನಿಗೆ ಬೇಕಾದದ್ದು ಜೊಂಡು ಬೆಳೆದ ಅಂಚು, ದನ ತುಳಿದ ಕೆಸರು, ಹುಲ್ಲುಗಾವಲಿನ ನಡುವೆ ಮಳೆಗಾಲದಲ್ಲಷ್ಟೇ ಕಣ್ಣು ಬಿಡುವ ಕುಂಟೆಗಳು.

ಮೊದಲ ಸಲ ಹೋಗುವವರು ಗುರುತಿಸಿಕೊಳ್ಳಬೇಕಾದ್ದು ಎರಡು ಪಂಗಡ. ಕೂತಾಗಲೂ ರೆಕ್ಕೆ ಚಾಚಿಕೊಂಡೇ ಇರುವ, ತಲೆತುಂಬ ಕಣ್ಣಿನ ಗಟ್ಟಿ ಆಳು ಡ್ರ್ಯಾಗನ್‌ಫ್ಲೈ. ಬಹುತೇಕ ರೆಕ್ಕೆ ಮಡಚಿ ಬೆನ್ನ ಮೇಲಿಟ್ಟುಕೊಳ್ಳುವ, ಸೂಜಿಯಷ್ಟೇ ಸಣ್ಣ ಮೈಯ ನಾಜೂಕಿನದು ಡ್ಯಾಮ್ಸೆಲ್‌ಫ್ಲೈ. ನಮ್ಮ ಮಕ್ಕಳ ಬಾಯಲ್ಲಿ ಎರಡೂ ಏರೋಪ್ಲೇನೇ.

ಏಪ್ರಿಲ್ ಬಿಸಿಲಲ್ಲಿ ಇಲ್ಲೇನೂ ಇಲ್ಲ ಅನಿಸುತ್ತದೆ. ಏರಿಯ ಕಲ್ಲುಕಟ್ಟಡದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತರೆ ಒಂದು ಕಲ್ಲಿನ ಚೂರು ಎದ್ದು ಹಾರಿ, ಎರಡು ಮಾರು ಆಚೆ ಮತ್ತೆ ಕಲ್ಲಾಗುತ್ತದೆ. ಅದೇ ಗ್ರಾನೈಟ್ ಘೋಸ್ಟ್. ಕಗ್ಗಲ್ಲಿನದೇ ಚುಕ್ಕೆ, ಕಗ್ಗಲ್ಲಿನದೇ ಬೂದು. ಬಂಡೆಯ ಗುಂಡಿಯಲ್ಲೂ ಸಿಮೆಂಟ್ ತೊಟ್ಟಿಯಲ್ಲೂ ಮೊಟ್ಟೆಯಿಡುವ ಇದು ನಗರದ ನಡುವೆಯೂ ಬದುಕುತ್ತದೆ. ನಿಮ್ಮ ಮನೆಯ ಕಾಂಪೌಂಡಿನ ಮೇಲೂ ಕೂತಿರಬಹುದು. ಬೇಲಿಯ ಒಣಕಡ್ಡಿಗಳ ನಡುವೆ ಲೆಸ್ಟಿಸ್ ಕುಲದ ಡ್ಯಾಮ್ಸೆಲ್‌ಗಳಿರುತ್ತವೆ. ಇವು ಅರೆತೆರೆದ ರೆಕ್ಕೆಯಲ್ಲಿ ನೇತಾಡುತ್ತ, ಕಡ್ಡಿಯದೇ ಬಣ್ಣದಲ್ಲಿ, ಬೇಸಿಗೆಯಿಡೀ ಮಳೆಯ ದಾರಿ ನೋಡುತ್ತವೆ. ಅಲ್ಲಿಯವರೆಗೆ ಮದುವೆ, ಸಂಸಾರ ಎಲ್ಲ ಮುಂದಕ್ಕೆ.

ಭರಣಿ, ರೋಹಿಣಿಯಲ್ಲಿ ನಾಲ್ಕು ಹದ ಮಳೆ ಬಿತ್ತೋ, ಲೆಕ್ಕ ಶುರು. ಕುಂಟೆಗಳಲ್ಲಿ ನೀರು ನಿಂತ ಸುದ್ದಿ ಇವಕ್ಕೆ ಹೇಗೋ ಮುಟ್ಟಿಬಿಡುತ್ತದೆ. ನೀರಿನ ಮೇಲೆ ಚಾಚಿದ ಕಡ್ಡಿಯ ತುದಿಯನ್ನು ಕಪ್ಪು ಮೈಗೆ ಹಳದಿ ಪಟ್ಟೆಯ ಕ್ಲಬ್‌ಟೇಲ್ ಗುತ್ತಿಗೆ ಹಿಡಿಯುತ್ತದೆ. ಅಟ್ಟಿದರೂ ತಿರುಗಿ ಅದೇ ಕಡ್ಡಿಗೇ ಬರುತ್ತದೆ. ಸ್ಕಾರ್ಲೆಟ್ ಸ್ಕಿಮ್ಮರ್‌ನ ಎಳೆಯ ಗಂಡು ಮೊದಲು ಹಳದಿ. ಕೆಲವು ದಿನ ಬಿಸಿಲು ಕುಡಿದ ಮೇಲೆ ಹಣ್ಣು ಮೆಣಸಿನಕಾಯಿ. ಹೆಣ್ಣು ಮಾತ್ರ ಆ ಹಳದಿ ಮಿಶ್ರಿತ ಕಂದಿನಲ್ಲೇ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆ ಜಾತಿಯೆಂದು ನಾನು ಒಂದು ಇಡೀ ವರ್ಷ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ನೀರೊಳಗಿನ ಕಥೆ ಇನ್ನೂ ದೊಡ್ಡದು. ನಾವು ನೋಡುವ ರೆಕ್ಕೆಯ ಬದುಕು ಕೆಲವು ವಾರಗಳದು. ಅದಕ್ಕೆ ಮೊದಲು ಮರಿ ಕೆಸರಲ್ಲಿ ಹೊಂಚು ಹಾಕಿ, ಮಡಚಿಟ್ಟ ಕೆಳದುಟಿಯನ್ನು ಕೈಯಂತೆ ಚಿಮ್ಮಿಸಿ ಸೊಳ್ಳೆಮರಿ, ಗೊದಮೊಟ್ಟೆ ಹಿಡಿಯುತ್ತದೆ. ಡ್ರ್ಯಾಗನ್‌ಫ್ಲೈ ಮರಿ ಉಸಿರಾಡುವುದು ಹಿಂಬದಿಯಿಂದ. ಅಪಾಯ ಬಂದಾಗ ಅದೇ ನೀರನ್ನು ಪಿಚಕಾರಿಯಂತೆ ಹೊರದಬ್ಬಿ ಮುಂದಕ್ಕೆ ನುಗ್ಗುತ್ತದೆ. ಬೆಳಗಿನ ಹೊತ್ತು ಜೊಂಡಿನ ಕಾಂಡಗಳಲ್ಲಿ ಹುಡುಕಿದರೆ ಬೆನ್ನು ಸೀಳಿದ ಖಾಲಿ ಪೊರೆಗಳು ಕಚ್ಚಿಕೊಂಡಿರುತ್ತವೆ.

ಹುಬ್ಬಾ, ಉತ್ತರಾ ಮಳೆಗಳ ನಡುವೆ, ಸೆಪ್ಟೆಂಬರಿನಲ್ಲಿ, ಹುಲ್ಲುಗಾವಲಿನ ಮೇಲೆ ಜಾತ್ರೆ ನೆರೆಯುತ್ತದೆ. ಎದೆಮಟ್ಟದಿಂದ ಮರದೆತ್ತರದವರೆಗೆ ಸಾವಿರಾರು ವಾಂಡರಿಂಗ್ ಗ್ಲೈಡರ್‌ಗಳು. ಒಂದೂ ಕೂರುವುದಿಲ್ಲ. ಕಾಜಾಣ, ಕಳ್ಳಿಪೀರಗಳಿಗೆ ಹಬ್ಬದೂಟ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೇಳಿದರು, “ಏನ್ ಸಾ ಹಿಂಗ್ ಮ್ಯಾಲ್ ನೋಡ್ತಾ ನಿಂತಿದ್ದೀರಾ?” “ಏರೋಪ್ಲೇನ್ ಚಿಟ್ಟೆ ಯಜಮಾನ್ರೇ.” “ಇದನ್ನ ನೋಡಕ್ಕೆ ಬೆಂಗ್ಳೂರಿಂದ ಬಂದ್ರಾ? ತಗ್ಗಿನಾಗೆ ಹಾರ್ತಾ ಅವೆ, ಸಂಜಿಗೆ ಮಳೆ. ಬೇಗ ಹೊರಡಿ.”

ಸಂಜೆ ಮಳೆ ಬಂತು. ಆ ಭವಿಷ್ಯಕ್ಕಿಂತ ದೊಡ್ಡ ಸಂಗತಿಯನ್ನು 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಮುಂದಿಟ್ಟರು. ಹೊಳೆ, ಕೆರೆಗಳೇ ಇಲ್ಲದಂಥ ಮಾಲ್ಡೀವ್ಸ್ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಈ ಚಿಟ್ಟೆಗಳು ಲಕ್ಷಗಟ್ಟಲೆ ಬಂದಿಳಿಯುವುದನ್ನು ಅವರು ಗಮನಿಸಿದ್ದರು. ಭಾರತದ ಕಡೆಯಿಂದ ಹೊರಟು, ಗಾಳಿಯ ಬೆನ್ನೇರಿ, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂಬುದು ಅವರ ವಾದ. ತಿರುಗಿ ಬರುವುದು ಹೊರಟದ್ದಲ್ಲ, ಅದರ ಮಕ್ಕಳು ಮೊಮ್ಮಕ್ಕಳು. ಅಷ್ಟು ದೂರದ ಪಯಣಿಗನಿಗೆ ಹುಟ್ಟಲು ಬೇಕಾದದ್ದು ಮಳೆನೀರಿನ ಒಂದು ಹೊಂಡ, ಒಂದೂವರೆ ತಿಂಗಳು. ಆಳದ ಕೆರೆಯಲ್ಲಿ ಮರಿಯನ್ನು ಮೀನು ತಿನ್ನುತ್ತದೆ. ಬತ್ತಿ ಹೋಗುವ ಹೊಂಡದಲ್ಲಿ ಮೀನಿರುವುದಿಲ್ಲ. ಬತ್ತುವುದೇ ಅದಕ್ಕೆ ಅನುಕೂಲ. ಆದರೆ ನೀರಿನ ಹೊಳಪು ನೋಡಿ ಮೋಸಹೋಗಿ ಕಾರಿನ ಬಾನೆಟ್ ಮೇಲೂ ಇವು ಮೊಟ್ಟೆ ಉದುರಿಸುವುದುಂಟು. ಏರಿಯ ಪಕ್ಕ ಕಾರು ನಿಲ್ಲಿಸುವವರು ಗಮನಿಸಿ.

ರಾಗಿ ಕೊಯ್ಲಿನ ಹೊತ್ತಿಗೆ ಸಂದಣಿ ಕರಗುತ್ತದೆ. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಒಂದೆರಡು ಜಾತಿ ಸಿಕ್ಕರೆ ಪುಣ್ಯ. ಡಿಚ್ ಜ್ಯುವೆಲ್ ಎಂಬ ಕಿತ್ತಳೆ ರೆಕ್ಕೆಯದು ಮಾತ್ರ ಕೊಳಕು ನೀರನ್ನೂ ಸಹಿಸುವ ಗಟ್ಟಿಜೀವ. ಒಂದು ಕೆರೆಯಲ್ಲಿ ಅದೊಂದೇ ಕಾಣುತ್ತಿದ್ದರೆ ಆ ನೀರಿಗೆ ಕೈ ಹಾಕದಿರುವುದು ಒಳ್ಳೆಯದು. ಹೆಸರಘಟ್ಟದಲ್ಲಿ ಇನ್ನೂ ಆ ಪಾಡು ಬಂದಿಲ್ಲ.

ನಗರದ ಎಷ್ಟೋ ಕೆರೆಗಳನ್ನು ‘ಅಭಿವೃದ್ಧಿ’ಪಡಿಸಿದ್ದು ನೋಡಿದ್ದೇವೆ. ಸುತ್ತ ಕಲ್ಲು ಕಟ್ಟಿ, ಜೊಂಡು ಕಿತ್ತು, ನಡೆದಾಡಲು ಟೈಲ್ಸ್ ಹಾಕಿ, ಬೆಂಚಿಟ್ಟು ಮುಗಿಸುತ್ತಾರೆ. ಬೋಗುಣಿಗೆ ಅಂಚೆಲ್ಲಿ? ಹೆಸರಘಟ್ಟಕ್ಕೂ ಇಂಥದ್ದು ಬಂದೀತೆಂಬ ಭಯ ಬಹುಕಾಲದಿಂದ ಇತ್ತು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ 5,678 ಎಕರೆಯನ್ನು ಹುಲ್ಲುಗಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ಕೊಟ್ಟಿತು. ಹುಲ್ಲುಗಾವಲು ಖಾಲಿ ಜಾಗವಲ್ಲ ಎಂದು ಸರ್ಕಾರದ ಕಾಗದದಲ್ಲಿ ಬಂದದ್ದೇ ದೊಡ್ಡದು.

ಹಕ್ಕಿ ನೋಡುವವರ ಹಾಗೆ ನಸುಕಿಗೇ ಏಳಬೇಕಾಗಿಲ್ಲ. ಇವು ಬಿಸಿಲಿನ ಜೀವಿಗಳು. ತಿಂಡಿ ಮುಗಿಸಿ ಒಂಬತ್ತಕ್ಕೆ ತಲುಪಿದರೂ ಸಾಕು. ಟೋಪಿ, ನೀರು, ಕೆಸರಿಗೆ ಹೆದರದ ಚಪ್ಪಲಿ ಇರಲಿ. ಕೆ.ಎ. ಸುಬ್ರಮಣಿಯನ್ ಅವರ ಕೈಪಿಡಿ ಜೊತೆಗಿದ್ದರೆ ಹೆಸರು ಹಿಡಿಯುವುದು ಸುಲಭ. ದಾರ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.