ಅಪ್ಪನ ವೀಸಾ, ಮಗಳ ಕೆಲಸ
ನಾವು ಅಮೆರಿಕಕ್ಕೆ ಬಂದಾಗ ಮಗಳಿಗೆ ಎರಡು ವರ್ಷ, ಈಗ ಹದಿನೇಳು. ಬೇಸಿಗೆ ರಜೆಯಲ್ಲಿ ಅವಳ ಗೆಳತಿಯರು ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಮೊದಲ ಸಂಬಳ ತರುತ್ತಾರೆ. ಇವಳದು ಗ್ರಂಥಾಲಯದಲ್ಲಿ ಸಂಬಳವಿಲ್ಲದ ಸೇವೆ. ಅಪ್ಪನದು ಎಚ್‌-1ಬಿ ನೌಕರಿ; ಅದಕ್ಕೆ ಅಂಟಿಕೊಂಡ ಮಗಳ ಎಚ್‌-4 ವೀಸಾದಲ್ಲಿ ದುಡಿಯುವಂತಿಲ್ಲ. 2015ರಲ್ಲಿ ಅನುಮತಿ ಸಿಕ್ಕಿದ್ದು ಗ್ರೀನ್‌ ಕಾರ್ಡ್‌ ಹಾದಿಯಲ್ಲಿರುವ ಕೆಲವರ ಗಂಡ ಹೆಂಡತಿಯರಿಗೆ ಮಾತ್ರ. 21 ತುಂಬಿದರೆ ಆ ವೀಸಾವೂ ಇಲ್ಲ. ಗ್ರೀನ್‌ ಕಾರ್ಡ್‌ಗೆ ಒಂದು ದೇಶಕ್ಕೆ ಶೇ 7ರ ಮಿತಿ. ಭಾರತೀಯರ ಸರದಿ ದಶಕ ದಾಟಿದೆ. ಅಷ್ಟರೊಳಗೆ ಬಾರದಿದ್ದರೆ ಅವಳು ವಿದ್ಯಾರ್ಥಿ ವೀಸಾ ಹಿಡಿದು, ಓದು ಮುಗಿಸಿ, ಎಚ್‌-1ಬಿ ಲಾಟರಿಗೆ ಕಾಯಬೇಕು.

ಇಲ್ಲೇ ಹುಟ್ಟಿದ ತಮ್ಮನಿಗೆ ಇದ್ಯಾವುದೂ ಇಲ್ಲ. ಬರುವ ಬೇಸಿಗೆಗೆ ಅದೇ ಐಸ್‌ಕ್ರೀಂ ಅಂಗಡಿಗೆ ಅರ್ಜಿ ಹಾಕಿದ್ದಾನೆ. ತುಂಬಿಕೊಟ್ಟವಳು ಅಕ್ಕ.